ಆರ್ಟ್ ವಾಕ್‌ಗೆ ಆರು ಬಕೆಟ್ ನೀರು

ತಿಂಗಳ ಮೊದಲ ಶನಿವಾರ ಬಂತೆಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಅಂದು ಬೆಳಗಿನಿಂದಲೇ ದೆಹಲಿಯ ನಡುಭಾಗದ ಒಂದು ಹಳೆಯ ಮಾರುಕಟ್ಟೆ ಬೀದಿಗೆ ಕಾರು, ಸ್ಕೂಟರ್ ಬಿಡುವುದಿಲ್ಲ. ಬೀದಿಯ ಒಂದು ಪಕ್ಕ ಚಿತ್ರ ಬರೆಯುವವರು, ಮಣ್ಣು ಕಲಸುವವರು, ಕೆಟ್ಟುಹೋದ ಟೈಪ್‌ರೈಟರಿಗೆ ಪ್ಲಾಸ್ಟಿಕ್ ಹೂವು ಸಿಕ್ಕಿಸಿ ಅದನ್ನೇ ಕಲೆ ಎನ್ನುವವರು. ಇನ್ನೊಂದು ಪಕ್ಕ ಮೊಮೊ, ಜುಮುಕಿ, ವಾಸನೆಯ ಮೇಣದಬತ್ತಿ. ದೀಪ ಹತ್ತಿದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಇದಕ್ಕೆ ಆರ್ಟ್ ವಾಕ್ ಎಂದು ಹೆಸರು, ಪ್ರವೇಶ ಉಚಿತ. ಉಚಿತ ಎಂದ ಮೇಲೆ ನಮ್ಮ ದೆಹಲಿಯವರು ಬಿಡುತ್ತಾರೆಯೇ? ಸಂಸಾರ ಸಮೇತ ಬರುತ್ತಾರೆ, ಚಿತ್ರಕ್ಕೆ ಬೆನ್ನು ಹಾಕಿ ನಿಂತು ತಮ್ಮ ಚಿತ್ರ ತೆಗೆದುಕೊಳ್ಳುತ್ತಾರೆ, ಮೊಮೊ ತಿಂದು ಹೋಗುತ್ತಾರೆ.

ಅಲ್ಲಿ ಹಗ್ಗಕ್ಕೆ ಚಿತ್ರ ನೇತುಹಾಕಿ ಕೂರುವವರಲ್ಲಿ ನನ್ನ ಮಗಳೂ ಒಬ್ಬಳು.

ಇವಳು ಹಾಗೆ ಕೂರಬೇಕಾದವಳಲ್ಲ. ಪದವಿ ಮುಗಿಸಿ ಎರಡು ವರ್ಷ ಮುಖರ್ಜಿ ನಗರದ ಹಾಸ್ಟೆಲ್ಲಿನಲ್ಲಿದ್ದು ಸರ್ಕಾರಿ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಂಡವಳು. ನಾನು ಮಂತ್ರಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಗುಮಾಸ್ತೆಯಾಗಿ ಸೇರಿ, ಇಪ್ಪತ್ತೊಂಬತ್ತು ವರ್ಷ ಕಡತ ತಿರುವಿ ಇಲ್ಲಿಗೆ ಬಂದು ಮುಟ್ಟಿದ್ದೇನೆ. ಮಗಳು ನಾನು ಮುಗಿಸುವ ಮೆಟ್ಟಿಲಿನಿಂದ ಶುರು ಮಾಡಲಿ ಎಂದು ಬಯಸುವುದು ಅಪರಾಧವೇನಲ್ಲ. ಆದರೆ ಹೋದ ವರ್ಷ ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದು ದಿನ ಅವಳು ಪುಸ್ತಕದ ಪೆಟ್ಟಿಗೆ ಸಮೇತ ಆಟೋದಲ್ಲಿ ಬಂದಿಳಿದು, ಇನ್ನು ತನ್ನಿಂದ ಆಗುವುದಿಲ್ಲ, ಚಿತ್ರ ಬರೆಯುತ್ತೇನೆ ಎಂದಳು. ನನ್ನ ಗಂಡನ ಸ್ವಭಾವ ಯಾವುದಕ್ಕೂ 'ಚಲೋ, ನೋಡೋಣ' ಎನ್ನುವುದು. ಅವರು ಅದನ್ನೇ ಹೇಳಿದರು. ನಾಲ್ಕನೆಯ ದಿನ ನಾನು ಒಂದು ಹಾಳೆಯಲ್ಲಿ ಬರೆದೆ: ಒಂದು ವರ್ಷ ಸಮಯ, ಅಷ್ಟರಲ್ಲಿ ದಾರಿ ಕಾಣದಿದ್ದರೆ ಮತ್ತೆ ಕೋಚಿಂಗ್. ಅವಳ ಸಹಿ ತೆಗೆದುಕೊಂಡು, ತಾರೀಖು ಹಾಕಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹಾಲು ತೆಗೆಯುವಾಗಲೆಲ್ಲ ಇಬ್ಬರಿಗೂ ಕಾಣುತ್ತಿತ್ತು.

ಆ ವರ್ಷ ಈ ಫೆಬ್ರವರಿಗೆ ಮುಗಿಯುತ್ತಿತ್ತು. ತಿಂಗಳ ಮೊದಲ ಶನಿವಾರದ ಆರ್ಟ್ ವಾಕೇ ಅವಳಿಗೆ ಉಳಿದಿದ್ದ ಕೊನೆಯ ಅವಕಾಶ. ಆ ಸಂಜೆ ಒಂದು ಕಲಾಸಂಸ್ಥೆಯಿಂದ ಯಾರೋ ಬಂದು ಬೀದಿಯಲ್ಲಿರುವ ಎಲ್ಲರ ಕೆಲಸ ನೋಡಿ, ಒಬ್ಬರನ್ನು ಆರಿಸುತ್ತಾರಂತೆ. ಆರಿಸಿದವರಿಗೆ ಒಂದು ವರ್ಷ ಕೆಲಸ ಮಾಡಲು ಕೋಣೆ, ಹೇಳಿಕೊಡುವ ಗುರು, ಎಲ್ಲವನ್ನೂ ಸಂಸ್ಥೆಯೇ ಒದಗಿಸುತ್ತದಂತೆ. ಊಟಕ್ಕೆ ಕೂತಾಗ ಮಗಳು ಇದನ್ನು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದಳು. ಏನು ಬರೆಯುತ್ತೀ ಎಂದು ಕೇಳಿದರೆ ಬಾಯಿ ಬಿಡಲಿಲ್ಲ, ಬಂದು ನೋಡು ಎಂದಳು. ಆಮೇಲೆ, ತನ್ನ ಜಾಗದಲ್ಲಿ ನಾನೊಂದು ರಂಗೋಲಿ ಹಾಕಬೇಕು, ಆರು ಗಂಟೆಗೆ ಸರಿಯಾಗಿ ಬರಬೇಕು ಎಂದು ಕೇಳಿದಳು. ಬೇವಿನ ಮರದ ಎದುರು, ಹಸಿರು ಶಟರಿನ ಅಂಗಡಿಯ ಮುಂದೆ.

ಆರು ಗಂಟೆಗೆ ಎಂದರೆ ಆರು ಗಂಟೆಗೆ ಹೋಗುವ ಜಾಯಮಾನ ನನ್ನದಲ್ಲ. ಒಂದೂವರೆ ಗಂಟೆ ಮೊದಲೇ ಹೋಗಿ, ಮಿಕ್ಕವರು ತಡ ಮಾಡಿದರೆಂದು ಸಿಡಿಮಿಡಿಗೊಳ್ಳುವುದು ನನ್ನ ಜಾಯಮಾನ. ನಾಲ್ಕೂವರೆಗೆಲ್ಲ ರಂಗೋಲಿ ಡಬ್ಬಿ ಹಿಡಿದು ಹಸಿರು ಶಟರಿನ ಮುಂದೆ ನಿಂತಿದ್ದೆ. ಮಗಳ ಸುಳಿವಿಲ್ಲ. ಹಗ್ಗವಿಲ್ಲ, ನೇತುಹಾಕಿದ ಚಿತ್ರಗಳಿಲ್ಲ. ನೆಲದ ತುಂಬ ಸೀಮೆಸುಣ್ಣದ ಗೀಟು. ಉದ್ದುದ್ದ ಗೆರೆ, ಅಡ್ಡಡ್ಡ ಗೆರೆ, ಚೌಕಗಳು, ಒಂದು ಮೂಲೆಯಲ್ಲಿ ಎರಡು ಸುತ್ತು. ಅರ್ಧ ಕಾರು ನಿಲ್ಲಿಸುವ ಗುರುತಿನ ಹಾಗೆ, ಅರ್ಧ ಕುಂಟೆಬಿಲ್ಲೆ ಮನೆಯ ಹಾಗೆ ಕಂಡಿತು. ಪಕ್ಕದ ಚಹಾ ಅಂಗಡಿಯ ಭಯ್ಯಾನನ್ನು ವಿಚಾರಿಸಿದೆ. ಅವನು ತಾನೀಗಷ್ಟೇ ಅಂಗಡಿ ತೆರೆದದ್ದು, ಯಾರೋ ಮಕ್ಕಳು ಗೀಚಿರಬೇಕು ಎಂದ.

ಈಗ ನನ್ನ ಮನಸ್ಥಿತಿಯನ್ನು ಸ್ವಲ್ಪ ಹೇಳಬೇಕು. ನಾವು ಮೊದಲಿದ್ದದ್ದು ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸಿನಲ್ಲಿ, ನೆಲ ಅಂತಸ್ತಿನ ಮನೆ. ಬಾಗಿಲ ಮುಂದೆ ನಮ್ಮದೇ ಆದ ಒಂದು ತುಂಡು ಅಂಗಳ. ದಿನಾ ಬೆಳಿಗ್ಗೆ ನೀರು ಚೆಲ್ಲಿ, ಗುಡಿಸಿ, ರಂಗೋಲಿ ಇಟ್ಟೇ ಆಫೀಸಿನ ಬಸ್ ಹಿಡಿಯುತ್ತಿದ್ದೆ. ಆ ಮನೆಗಳನ್ನು ಕೆಡವಿ ಅಲ್ಲೇ ಎತ್ತರದ ಕಟ್ಟಡಗಳನ್ನು ಕಟ್ಟಿದರು. ನಾವು ನಾಲ್ಕಾರು ವರ್ಷ ಬೇರೆ ಕಡೆ ಇದ್ದು, ಮತ್ತೆ ಅದೇ ಕಾಲೊನಿಗೆ, ಈ ಸಲ ಹನ್ನೊಂದನೆಯ ಮಹಡಿಗೆ ಬಂದೆವು. ಅಲ್ಲಿ ಬಾಗಿಲ ಮುಂದೆ ಇರುವುದು ಕಾರಿಡಾರು. ನೀರು ಹಾಕಿದರೆ ಲಿಫ್ಟಿಗೆ ಇಳಿಯುತ್ತದೆ. ಪುಡಿಯಲ್ಲಿ ನಾಲ್ಕು ಎಳೆ ಎಳೆದರೆ ಎಂಟು ಗಂಟೆಗೆ ಒರೆಸುವವನು ಬಂದು ಎಳೆದಾಡಿ ಬೂದಿ ಮಾಡಿ ಹೋಗುತ್ತಾನೆ. ಕೊನೆಗೆ ಅಂಗಡಿಯ ಸ್ಟಿಕ್ಕರ್ ರಂಗೋಲಿ ತಂದು ಅಂಟಿಸಿಕೊಂಡಿದ್ದೇನೆ. ಅದನ್ನು ನೋಡಿದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತದೆ.

ಅಂಥವಳ ಕಣ್ಣೆದುರಿಗೆ ಅಷ್ಟಗಲದ ಬಯಲು ನೆಲ. ಹಳೆಯ ಗೀಟಿನ ಮೇಲೆ ಹೊಸ ರಂಗೋಲಿ ಹಾಕುವ ರೂಢಿ ನಮ್ಮಲ್ಲಿಲ್ಲ. ನಿನ್ನೆಯದನ್ನು ತೊಳೆದ ಮೇಲೆಯೇ ಇವತ್ತಿನದು. ಭಯ್ಯಾನ ಬಕೆಟ್ಟು, ಬೀದಿ ಗುಡಿಸುವವಳ ಕಡ್ಡಿಪೊರಕೆ ಕೇಳಿ ತೆಗೆದುಕೊಂಡೆ. ನನ್ನ ರಂಗೋಲಿಗೆ ನಾಲ್ಕಡಿ ಜಾಗ ಸಾಕಿತ್ತು. ಒಂದು ಬಕೆಟ್ಟಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸೆರಗು ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿ, ಬೇವಿನ ಮರದಿಂದ ಶಟರಿನವರೆಗೆ ಆರು ಬಕೆಟ್ ನೀರು ಚೆಲ್ಲಿ, ಸರಬರ ತಿಕ್ಕಿ ತೊಳೆದೆ. ಸುಣ್ಣದ ನೀರು ಬೆಳ್ಳಗೆ ಚರಂಡಿಗೆ ಹರಿಯಿತು. ಎಷ್ಟು ವರ್ಷದ ಮೇಲೆ ಕೈಗೆ ಆ ಕೆಲಸ ಸಿಕ್ಕಿತ್ತು! ಸುಳ್ಳೇಕೆ ಹೇಳಲಿ, ಆ ಕಾಲು ಗಂಟೆ ನಾನು ಬಹಳ ಸುಖವಾಗಿದ್ದೆ.

ಮಗಳು ಬಂದಾಗ ಒಂದು ಕೈಯಲ್ಲಿ ಎರಡು ದೀಪ, ಇನ್ನೊಂದರಲ್ಲಿ ವೈರಿನ ಸುರುಳಿ ಇತ್ತು. ದೀಪ ತರಲು ಗೆಳತಿಯ ಕೋಣೆಗೆ ಹೋಗಿದ್ದಳಂತೆ. ನಾನು ಸೊಂಟ ನೆಟ್ಟಗೆ ಮಾಡಿಕೊಂಡು, ಎಷ್ಟು ಕೊಳೆಯಿತ್ತು, ಯಾರೋ ಹುಡುಗರು ಗೀಚಿ ಹಾಳು ಮಾಡಿದ್ದರು, ನೋಡು ಈಗ ಹೇಗಿದೆ ಎಂದು ಹೆಮ್ಮೆಯಿಂದ ಹೇಳಿದೆ. ಅವಳು ನೆಲವನ್ನೇ ನೋಡುತ್ತ ನಿಂತಳು. ದೀಪಗಳನ್ನು ಮೆಲ್ಲಗೆ ಕೆಳಗಿಟ್ಟಳು.

"ಅದು ನಾನು ಬರೆದದ್ದು," ಎಂದಳು.

ಬೆಳಿಗ್ಗೆ ಹನ್ನೊಂದರಿಂದ ಮಂಡಿಯೂರಿ ಬರೆದದ್ದು. ನಮ್ಮ ಹಳೆಯ ಕ್ವಾರ್ಟರ್ಸು. ನೆಲದ ಮೇಲೆ ಆ ಮನೆಯನ್ನು ಅದರ ನಿಜವಾದ ಗಾತ್ರದಲ್ಲಿ ಬರೆದು, ಜನ ಬಾಗಿಲಿನಿಂದ ಒಳಗೆ ಬಂದು ಕೋಣೆ ಕೋಣೆ ಓಡಾಡುವ ಹಾಗೆ ಮಾಡುವುದು ಅವಳ ಯೋಚನೆ. ಆ ಮನೆಯ ಅಂಗಳದಲ್ಲಿ ನಾನು ಎಲ್ಲರೆದುರಿಗೆ ರಂಗೋಲಿ ಹಾಕಬೇಕಿತ್ತು. ಮೂಲೆಯ ಎರಡು ಸುತ್ತು ನಮ್ಮ ಗ್ಯಾಸ್ ಒಲೆ. ಹದಿನಾಲ್ಕು ವರ್ಷ ಅದರ ಮುಂದೆ ನಿಂತವಳಿಗೆ ಅದರ ಗುರುತು ಸಿಗಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಳ್ಳುವಂತಾಯಿತು.

ಮೊದಲೇ ಒಂದು ಮಾತು ಹೇಳಬಾರದಿತ್ತೇ ಎಂದು ನಾನು ಅವಳ ಮೇಲೆಯೇ ಹರಿಹಾಯ್ದೆ. ತಪ್ಪು ನನ್ನದಾದಾಗ ನನ್ನ ದನಿ ಏರುವುದು ಹಳೆಯ ಚಾಳಿ. ಅವಳು ಫೋನು ತೆಗೆದು, ಏನೋ ಹುಡುಕಿ, ನನ್ನ ಮುಖದ ಮುಂದೆ ಹಿಡಿದಳು. ಮುಖರ್ಜಿ ನಗರದ ಕೋಚಿಂಗಿನವರ ಸಂದೇಶ. ಮಾರ್ಚ್ ಬ್ಯಾಚಿಗೆ ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ, ಸೀಟು ಕಾಯ್ದಿರಿಸಲಾಗಿದೆ. ಹತ್ತು ದಿನ ಹಿಂದಿನದು.

ಹೌದು, ಆ ಅರ್ಜಿ ತುಂಬಿದವಳು ನಾನೇ. ಒಂದು ಮಧ್ಯಾಹ್ನ ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಅವಳಿಗೆ ತಿಳಿಸದೆ ತುಂಬಿದ್ದೆ. ವರ್ಷ ಮುಗಿಯುತ್ತದೆ, ಸೀಟು ಮುಗಿದುಹೋಗುತ್ತದೆ, ಕೈಯಲ್ಲಿ ಒಂದಿರಲಿ ಎಂಬುದು ನನ್ನ ಲೆಕ್ಕಾಚಾರ. ಅಭ್ಯರ್ಥಿಯ ಮೊಬೈಲ್ ಸಂಖ್ಯೆ ಎಂಬ ಕಾಲಂ ಬಂದಾಗ ಕೈ ತನ್ನಷ್ಟಕ್ಕೆ ಅವಳ ಸಂಖ್ಯೆ ಹೊಡೆಯಿತು. ಕಾಲಂ ಬಿಟ್ಟ ಅರ್ಜಿಗಳನ್ನೂ ತಪ್ಪು ತುಂಬಿದ ಅರ್ಜಿಗಳನ್ನೂ ಜೀವಮಾನವಿಡೀ ವಾಪಸು ಕಳಿಸಿದವಳು ನಾನು. ಕದ್ದು ಮಾಡುವ ಕೆಲಸದಲ್ಲಿ ಕೂಡ ಸುಳ್ಳು ಸಂಖ್ಯೆ ಬರೆಯಲು ನನಗೆ ತೋಚಲಿಲ್ಲ. ಹತ್ತು ದಿನ ಇವಳು ಅದನ್ನು ನೋಡಿಯೂ ಒಂದು ಮಾತಾಡದೆ, ನನ್ನ ಜೊತೆ ಕೂತು ಸಾರು ಅನ್ನ ಉಂಡಿದ್ದಾಳೆ.

ದೆಹಲಿಯಲ್ಲೇ ಬೆಳೆದ ಹುಡುಗಿ. ಜಗಳವೆಂದರೆ ಹಿಂದಿ, ಸಿಟ್ಟು ಜಾಸ್ತಿಯಾದರೆ ಇಂಗ್ಲಿಷು. ಅವತ್ತು ಕನ್ನಡದಲ್ಲಿ, ತಡೆದು ತಡೆದು ಕೇಳಿದಳು.

"ಬೇಕಂತ ತೊಳೆದ್ಯಾ ಅಮ್ಮಾ?"

ಇಲ್ಲ ಎಂದೆ. ಅದು ಸತ್ಯವೇ. ಆದರೆ ಅರ್ಜಿ ತುಂಬಿದವಳ ಬಾಯಿಂದ ಬಂದ ಇಲ್ಲಕ್ಕೆ ಬೆಲೆಯೆಷ್ಟು? ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಅಷ್ಟು ಅವಮಾನ ನನಗೆ ಯಾವ ಮೇಲಧಿಕಾರಿಯ ಮುಂದೆಯೂ ಆಗಿರಲಿಲ್ಲ.

ಅವಳು ಚೀಲದಿಂದ ಸೀಮೆಸುಣ್ಣ ತೆಗೆದು ಮತ್ತೆ ಬರೆಯಲು ನೋಡಿದಳು. ಒದ್ದೆ ನೆಲಕ್ಕೆ ಸುಣ್ಣ ಹತ್ತಲಿಲ್ಲ, ಮೆತ್ತಗಾಗಿ ಜಾರಿತು. ಒಣಗಲು ಎರಡು ಗಂಟೆ ಬೇಕು. ಸಂಸ್ಥೆಯವರು ಏಳಕ್ಕೆ ಬರುವವರಿದ್ದರು. ಅವಳು ಪಾದಚಾರಿ ಕಟ್ಟೆಯ ಮೇಲೆ ಕೂತು ತಲೆ ಮಂಡಿಗೆ ಒರಗಿಸಿಕೊಂಡಳು. ಅಳುತ್ತಿದ್ದಳೋ ಏನೋ, ನಾನು ನೋಡಲು ಹೋಗಲಿಲ್ಲ. ನೋಡಿದ್ದರೆ ನಾನೂ ಕೂರುತ್ತಿದ್ದೆ.

ಸೀಮೆಸುಣ್ಣ ಹತ್ತದ ನೆಲ ರಂಗೋಲಿಗೆ ಹೇಳಿ ಮಾಡಿಸಿದ್ದು. ತೇವವಿದ್ದರೇನೇ ಪುಡಿ ಹಿಡಿದು ನಿಲ್ಲುವುದು, ಗಾಳಿಗೆ ಹಾರದಿರುವುದು. ಡಬ್ಬಿಯ ಮುಚ್ಚಳ ತೆಗೆದೆ. ಊರಿಗೆ ಹೋದಾಗಲೆಲ್ಲ ರೈಲಿನಲ್ಲಿ ಹೊತ್ತು ತರುವ ಬಿಳಿಯ ಕಲ್ಲುಪುಡಿ, ಮೂರು ಕಿಲೋದಷ್ಟಿತ್ತು. ಹಸಿರು ಶಟರಿಗೆ ಬೆನ್ನು ಮಾಡಿ ನಿಂತು, ಮುಂಬಾಗಿಲು ಎಲ್ಲಿತ್ತು ಎಂದು ಅಂದಾಜು ಮಾಡಿ, ಮುಷ್ಟಿಯಿಂದ ಗೋಡೆ ಎಳೆಯತೊಡಗಿದೆ. ನಡುಕೋಣೆ ಅಡ್ಡಕ್ಕೆ ಎಂಟು ಹೆಜ್ಜೆ. ಅಲ್ಲಿಂದ ಎಡಕ್ಕೆ ಅಡುಗೆಮನೆ, ಬಾಗಿಲಿನಿಂದ ಒಲೆಗೆ ನಾಲ್ಕು ಹೆಜ್ಜೆ. ಕತ್ತಲಲ್ಲಿ ಕರೆಂಟು ಹೋದಾಗ ಬೆಂಕಿಪೆಟ್ಟಿಗೆ ಹುಡುಕಿಕೊಂಡು ಎಷ್ಟು ಸಲ ನಡೆದ ಹೆಜ್ಜೆಗಳು! ನನ್ನ ಕಾಲಿಗೆ ಎಲ್ಲವೂ ನೆನಪಿತ್ತು.

ಅಡುಗೆಮನೆ ಮುಗಿಯುವ ಹೊತ್ತಿಗೆ ಮಗಳು ಎದ್ದು ಬಂದಳು. ಬಂದವಳು ಸುಮ್ಮನಿರಬೇಕಲ್ಲ. ಅಡುಗೆಮನೆ ಚಿಕ್ಕದಾಯಿತು ಎಂದಳು. ಫೋನಿನಲ್ಲಿ ತಾನು ಬರೆದಿದ್ದರ ಫೋಟೋ ತೋರಿಸಿದಳು. ಅದರಲ್ಲಿ ಅಡುಗೆಮನೆ ಮದುವೆ ಛತ್ರದ್ದಷ್ಟು ದೊಡ್ಡದಾಗಿತ್ತು. ಅಲ್ಲಿ ಎರಡು ಜನ ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತಿತ್ತು ಎಂದು ನಾನು. ತಾನು ಚಿಕ್ಕವಳಿದ್ದಾಗ ದೊಡ್ಡದಾಗಿಯೇ ಇತ್ತು ಎಂದು ಅವಳು. ನಡುಬೀದಿಯಲ್ಲಿ ನಿಂತು ಕೆಡವಿದ ಮನೆಯ ಅಳತೆಗೆ ಜಗಳ. ಸುತ್ತ ಜನ ಸೇರಿದರು, ಒಂದಿಬ್ಬರು ಇದೂ ಕಾರ್ಯಕ್ರಮದ ಭಾಗವೆಂದು ವೀಡಿಯೊ ಮಾಡತೊಡಗಿದರು. ನನ್ನ ಪಿತ್ತ ನೆತ್ತಿಗೇರಿತ್ತು.

"ಅಮ್ಮಾ, ಇದು ನನ್ನ ಡ್ರಾಯಿಂಗ್," ಎಂದಳು ಮಗಳು. "ನಂಗೆ ಹೇಗೆ ನೆನಪಿದೆಯೋ ಹಾಗೇ ಬರಬೇಕು."

ತಿದ್ದುವುದು ನನ್ನ ಉದ್ಯೋಗ. ಇನ್ನೊಬ್ಬರ ಕರಡನ್ನು ಕೆಂಪು ಮಾಡದೆ ಮೇಲಕ್ಕೆ ಕಳಿಸಿದವಳಲ್ಲ. ಹಲ್ಲು ಕಚ್ಚಿಕೊಂಡು, ಎಳೆದ ಗೋಡೆಯನ್ನು ಅಂಗೈಯಿಂದ ಒರೆಸಿ, ಅವಳು ತೋರಿಸಿದಲ್ಲಿಗೆ ಸರಿಸಿದೆ. ಆಮೇಲೆ ಅವಳು ಹೇಳುತ್ತ ಹೋದಳು, ನಾನು ಎಳೆಯುತ್ತ ಹೋದೆ. ಹಿತ್ತಿಲ ಗೋಡೆಗೆ ಬರುವಷ್ಟರಲ್ಲಿ ಪುಡಿ ಖಾಲಿ. ಎದುರಿನ ಮೊಮೊ ಭಯ್ಯಾನ ಹತ್ತಿರ ಒಂದು ಪಾತ್ರೆ ಮೈದಾ ಕೇಳಿ ತಂದೆ. ನಮ್ಮ ಹಿತ್ತಿಲಿಗೆ ಹಾಗೆ ಮೈದಾದ ಗೋಡೆಯಾಯಿತು.

ಕೊನೆಗೆ ಉಳಿದದ್ದು ಅಂಗಳ. ಫೋಟೋದಲ್ಲಿ ಅದು ಮಿಕ್ಕೆಲ್ಲ ಕೋಣೆಗಳಿಗಿಂತ ದೊಡ್ಡದಾಗಿತ್ತು. ಅಷ್ಟಿರಲಿಲ್ಲ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅಂಗಳದ ಒಂದು ಬದಿಯಲ್ಲಿ ಅವಳು ಎರಡು ಜೊತೆ ಪಾದ ಬರೆದಿದ್ದಳು, ಒಂದು ದೊಡ್ಡದು, ಪಕ್ಕದಲ್ಲೇ ಒಂದು ಪುಟ್ಟದು. ಶಾಲೆಯ ಬಸ್ಸು ಬರುವ ಮೊದಲು ಸಮವಸ್ತ್ರದಲ್ಲೇ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚಿಟಿಕೆ ಪುಡಿ ಹಿಡಿದು ಗೆರೆ ಎಳೆಯುತ್ತಿದ್ದವಳು ಇವಳು. ಬಸ್ಸು ತಪ್ಪುತ್ತದೆ, ಲಂಗ ಕೊಳೆಯಾಗುತ್ತದೆ, ಏಳು ಎಂದು ದಿನಾ ಗದರುತ್ತಿದ್ದವಳು ನಾನು. ಚಿತ್ರದ ಹುಚ್ಚು ಇವಳಿಗೆ ಯಾರಿಂದ ಅಂಟಿತು ಎಂದು ಒಂದು ವರ್ಷ ಗಂಡನ ವಂಶದವರನ್ನೆಲ್ಲ ಬೈದುಕೊಂಡಿದ್ದೆ. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಎರಡನ್ನೂ ಅವಳಿಗೆ ತೋರಿಸದೆ ಕೂತು ಚುಕ್ಕಿ ಇಡತೊಡಗಿದೆ.

ಏಳು ಗಂಟೆಗೆ ದೀಪ ಹತ್ತಿಸಿದೆವು. ಜನ ಬೂಟುಗಾಲಲ್ಲೇ ಗೋಡೆ ತುಳಿದು ನಡುಕೋಣೆಗೆ ನುಗ್ಗಿದರು. ಯಾರು ಏನೆಂದುಕೊಂಡರೂ ಸರಿ ಎಂದು ನಾನು ಹಿಂದಿಯಲ್ಲಿ ಜೋರು ಮಾಡಿದೆ. ಬಾಗಿಲು ಇಲ್ಲಿದೆ, ಇಲ್ಲಿಂದ ಬನ್ನಿ, ಚಪ್ಪಲಿ ಹೊರಗೆ. ವಿಚಿತ್ರವೆಂದರೆ ಜನ ಕೇಳಿದರು. ಬಾಗಿಲಲ್ಲಿ ಚಪ್ಪಲಿಗಳ ಸಾಲು ಬೆಳೆಯಿತು. ಕತ್ತರಿಸಿದ ಬಿಳಿಗೂದಲಿನ ಒಬ್ಬ ಹೆಂಗಸು ಮಾತ್ರ, ಸ್ನಾನದ ಮನೆಯ ಗೋಡೆ ದಾಟಿ ನೆಟ್ಟಗೆ ಬಂದುಬಿಟ್ಟಳು. ಅವಳನ್ನು ಎಲ್ಲರಿಗಿಂತ ಜೋರಾಗಿ ಗದರಿದೆ. ಅವಳು ತಪ್ಪಾಯಿತೆಂದು ಹಿಂದೆ ಹೋಗಿ, ಬೂಟು ಬಿಚ್ಚಿ, ಬಾಗಿಲಿನಿಂದ ಬಂದಳು. ಒಲೆಯ ಮುಂದೆ ಬಹಳ ಹೊತ್ತು ನಿಂತು, ಮಗಳ ಹತ್ತಿರ ಏನೇನೋ ಕೇಳಿ, ಬರೆದುಕೊಂಡು ಹೋದಳು. ಅವಳೇ ಸಂಸ್ಥೆಯವಳೆಂದು ಮಗಳು ಆಮೇಲೆ ಹೇಳಿದಾಗ ನನಗೆ ನೆಲ ಬಿರಿದು ಒಳಗೆ ಹೋಗೋಣ ಎನಿಸಿತು. ಮಗಳು ಮಾತ್ರ ಅವತ್ತು ಮೊದಲ ಸಲ ನಕ್ಕಳು.

ಮುಂದಿನ ಗುರುವಾರ ಉತ್ತರ ಬಂತು. ಆರಿಸಿದ್ದು ಟೈಪ್‌ರೈಟರಿಗೆ ಹೂವು ಸಿಕ್ಕಿಸಿದವನನ್ನು. ನನ್ನ ಗದರಿಕೆಯಿಂದಲೇ ಹೀಗಾಯಿತೇ ಎಂದು ಕೇಳಿದೆ. ಇಲ್ಲಮ್ಮ, ಅವನ ಕೆಲಸ ನಿಜಕ್ಕೂ ಅಚ್ಛಾ ಇದೆ, ನಿನಗೆ ಅರ್ಥವಾಗಲ್ಲ ಅಷ್ಟೆ ಎಂದಳು. ಅಷ್ಟು ಹೇಳಿ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಇಣುಕಿದರೆ ಮಂಚದ ಕೆಳಗಿನಿಂದ ಕೋಚಿಂಗ್ ಪುಸ್ತಕಗಳ ಪೆಟ್ಟಿಗೆ ಎಳೆದು, ಒಂದೊಂದನ್ನೇ ಬಟ್ಟೆಯಿಂದ ಒರೆಸಿ ಮೇಜಿನ ಮೇಲೆ ಜೋಡಿಸುತ್ತಿದ್ದಳು. ಗೊಣಗಲಿಲ್ಲ, ಅಳಲಿಲ್ಲ. ಸಹಿ ಹಾಕಿದ್ದೇನಲ್ಲ ಎಂದಳು. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ.

ಮರುದಿನ ಅರ್ಧ ದಿನ ರಜೆ ಹಾಕಿ ಮೆಟ್ರೊ ಹಿಡಿದು ಮುಖರ್ಜಿ ನಗರಕ್ಕೆ ಹೋದೆ. ಸೀಟು ಬೇಡವೆನ್ನಲೂ ಒಂದು ಅರ್ಜಿಯಿದೆ, ಅದಕ್ಕೆ ಅಭ್ಯರ್ಥಿಯ ಸಹಿಯೇ ಆಗಬೇಕು ಎಂದು ಕೌಂಟರಿನ ಹುಡುಗಿ ಒಂದು ಹಾಳೆ ಕೊಟ್ಟಳು. ನಿಯಮವೆಂದರೆ ನಿಯಮ, ಅವಳ ಮೇಲೆ ರೇಗಲು ನನಗೆ ಬಾಯಿರಲಿಲ್ಲ. ರಾತ್ರಿ ಪಾತ್ರೆ ಎತ್ತಿಟ್ಟ ಮೇಲೆ ಊಟದ ಮೇಜಿನಲ್ಲಿ ಕೂತು ಅದನ್ನು ತುಂಬಿದೆ. 'ಕಾರಣ' ಎಂಬ ಕಾಲಮ್ಮಿನಲ್ಲಿ ಪೆನ್ನು ನಿಂತಿತು. ವೈಯಕ್ತಿಕ ಕಾರಣ ಎಂದು ಬರೆದರೆ ಯಾರೂ ಕೇಳುವುದಿಲ್ಲ, ನಾನೇ ಎಷ್ಟೋ ಕಡತಗಳಲ್ಲಿ ಅದನ್ನು ಒಪ್ಪಿದ್ದೇನೆ. ಆದರೂ ಹಾಗೆ ಬರೆಯಲು ಕೈ ಬರಲಿಲ್ಲ.

ಹಾಳೆಯನ್ನೂ ಪೆನ್ನನ್ನೂ ಮಗಳ ಮುಂದೆ ಇಟ್ಟು, ಸಹಿ ಹಾಕು ಎಂದೆ. ಅವಳು ಓದಿದಳು. ಕಾರಣದ ಕಾಲಮ್ಮಿನಲ್ಲಿ ನಾನು ಬರೆದಿದ್ದದ್ದು ಇಷ್ಟು: ಮೊದಲ ಅರ್ಜಿಯನ್ನು ತುಂಬಿದ್ದು ಅಭ್ಯರ್ಥಿಯಲ್ಲ, ಅವಳನ್ನು ಕೇಳದೆ ಅವಳ ತಾಯಿ. ಅವಳು ಅದನ್ನು ಎರಡು ಸಲ ಓದಿದಳೆಂದು ಕಾಣುತ್ತದೆ, ಅಷ್ಟು ಹೊತ್ತು ಹಿಡಿಯಿತು. ಫ್ರಿಜ್ಜಿನ ಮೇಲಿನ ಹಾಳೆಯ ಕಡೆ ಒಮ್ಮೆ ನೋಡಿದಳು. ನಾನು ಹೋಗಿ ಅದನ್ನು ಕಿತ್ತೆ. ಅಂಟು ಗಟ್ಟಿಯಾಗಿದ್ದರಿಂದ ಅರ್ಧ ಅಲ್ಲೇ ಉಳಿಯಿತು.

ಅವಳು ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ಸರಿಸಿದಳು.

"ಮುಂದಿನ ತಿಂಗಳು ಅದೇ ಜಾಗ ಕೇಳಿದ್ದೀನಿ," ಎಂದಳು. "ಆರು ಗಂಟೆಗೆ ಬಾ ಅಮ್ಮಾ. ಅದಕ್ಕಿಂತ ಮೊದಲು ಬರಬೇಡ."